ಒಂದು ದೊಡ್ಡ ಚಮಚ ಎಣ್ಣೆ, ಅರ್ಧ ಗಂಟೆ ನಡಿಗೆ

ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ನೋಡಿದರೆ 100 ಗ್ರಾಮಿಗೆ 450ರ ಆಸುಪಾಸು ಕಿಲೊಕ್ಯಾಲೊರಿ ಎಂದು ಅಚ್ಚಾಗಿರುತ್ತದೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು ಬೇಕಾದ ಶಾಖವೇ ಒಂದು ಕ್ಯಾಲೊರಿ. ಊಟದ ಲೆಕ್ಕಕ್ಕೆ ಇದು ತೀರಾ ಸಣ್ಣ ಅಳತೆ. ಹಾಗಾಗಿ ಸಾವಿರ ಕ್ಯಾಲೊರಿಯನ್ನು ಒಂದು ಕಿಲೊಕ್ಯಾಲೊರಿ ಎನ್ನುತ್ತಾರೆ. ನಾವು ಮಾತಿನಲ್ಲಿ ಕ್ಯಾಲೊರಿ ಎನ್ನುವುದೂ ಇದನ್ನೇ. ಹೊರದೇಶದ ಪೊಟ್ಟಣದಲ್ಲಿ ಕಿಲೊಜೌಲ್ ಎಂದಿದ್ದರೆ 4.184ರಿಂದ ಭಾಗಿಸಿದರಾಯಿತು.

ಆದರೆ ಒಂದು ತಿನಿಸನ್ನು ಬೆಂಕಿಯಲ್ಲಿ ಸುಟ್ಟಾಗ ಬರುವ ಶಾಖಕ್ಕೂ ಅದೇ ತಿನಿಸು ಹೊಟ್ಟೆಗೆ ಹೋದಾಗ ಸಿಗುವ ಶಕ್ತಿಗೂ ತಾಳೆಯಾಗುತ್ತದೆಯೇ? ಇದನ್ನು ಪಟ್ಟುಹಿಡಿದು ಪರೀಕ್ಷಿಸಿದವರು ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದ ವಿಲ್ಬರ್ ಆಟ್‌ವಾಟರ್. 1890ರ ದಶಕದಲ್ಲಿ ಅವರು ಭೌತವಿಜ್ಞಾನಿ ಎಡ್ವರ್ಡ್ ರೋಸಾ ಜೊತೆ ಸೇರಿ ಮನುಷ್ಯ ದಿನಗಟ್ಟಲೆ ಇರಬಹುದಾದ ಒಂದು ಪುಟ್ಟ ಕೋಣೆ ಕಟ್ಟಿದರು. ಒಳಗಿದ್ದವನ ಮೈಶಾಖವನ್ನು ಕೊಳವೆಯಲ್ಲಿ ಹರಿಯುವ ನೀರು ಹೀರಿಕೊಳ್ಳುತ್ತಿತ್ತು. ನೀರು ಎಷ್ಟು ಬಿಸಿಯಾಯಿತೆಂದು ಅಳೆಯುತ್ತಿದ್ದರು. ಉಸಿರಿನ ಗಾಳಿ, ತಿಂದ ಅನ್ನ, ಹೊರಬಂದ ಮಲಮೂತ್ರ ಎಲ್ಲದಕ್ಕೂ ಲೆಕ್ಕವಿತ್ತು. ಒಳಗೆ ಹೋದ ಶಕ್ತಿಗೂ ಹೊರಬಂದ ಶಕ್ತಿಗೂ ಲೆಕ್ಕ ಸರಿಹೋಯಿತು. ಶಕ್ತಿ ಸಂರಕ್ಷಣೆಯ ನಿಯಮ ಮನುಷ್ಯನ ಮೈಯನ್ನೂ ಬಿಡುವುದಿಲ್ಲ ಎಂದು ಇಷ್ಟು ತಾಳ್ಮೆಯಿಂದ ತೋರಿಸಿಕೊಟ್ಟ ಈ ಪ್ರಯೋಗದ ಬಗ್ಗೆ ನನಗೆ ಅಪಾರ ಗೌರವ.

ಗ್ರಾಂ ಪಿಷ್ಟಕ್ಕೆ 4 ಕಿಲೊಕ್ಯಾಲೊರಿ, ಪ್ರೋಟೀನಿಗೆ 4, ಕೊಬ್ಬಿಗೆ 9 ಎಂದು ಇಂದಿಗೂ ಬಳಸುವ ಅಂಕಿಗಳು ಆಟ್‌ವಾಟರ್ ಅವರವೇ. ಪ್ರೋಟೀನನ್ನು ಪೂರ್ತಿ ಸುಟ್ಟರೆ ಗ್ರಾಮಿಗೆ ಐದೂವರೆಗಿಂತ ಹೆಚ್ಚೇ ಸಿಗುತ್ತದೆ. ದೇಹ ಅದನ್ನು ಪೂರ್ತಿ ಸುಡುವುದಿಲ್ಲ, ಒಂದಿಷ್ಟು ಶಕ್ತಿ ಯೂರಿಯಾ ಆಗಿ ಮೂತ್ರದಲ್ಲಿ ಹೋಗುತ್ತದೆ. ಅದನ್ನೆಲ್ಲ ಕಳೆದು ಬಂದ ಸರಾಸರಿ ಈ 4. ಸರಾಸರಿಯಾದ್ದರಿಂದ ಅಲ್ಲಲ್ಲಿ ತಪ್ಪುವುದೂ ಉಂಟು. 28 ಗ್ರಾಂ ಬಾದಾಮಿಯಲ್ಲಿ ಸುಮಾರು 170 ಕಿಲೊಕ್ಯಾಲೊರಿ ಇದೆ ಎಂದು ಪಟ್ಟಿಗಳು ಹೇಳುತ್ತಿದ್ದವು. ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು 2012ರಲ್ಲಿ ಜನರಿಗೆ ತಿನ್ನಿಸಿಯೇ ಅಳೆದಾಗ ಸಿಕ್ಕಿದ್ದು 129. ಅಗಿದರೂ ಒಡೆಯದ ಜೀವಕೋಶಗಳೊಳಗೆ ಸ್ವಲ್ಪ ಕೊಬ್ಬು ಹಾಗೇ ಉಳಿದು ಹೊರಹೋಗುತ್ತದೆ.

ಹಾಗಾಗಿ ಒಂದೊಂದು ತುತ್ತಿಗೂ ಮೊಬೈಲಿನಲ್ಲಿ ಲೆಕ್ಕ ಬರೆಯುತ್ತ ಕೂರುವುದು ನನಗೆ ಒಪ್ಪಿಗೆಯಿಲ್ಲ. ಲೆಕ್ಕ ನಿಜಕ್ಕೂ ಕೆಲಸಕ್ಕೆ ಬರುವುದು ಒಗ್ಗರಣೆ ಸೌಟಿನ ಹತ್ತಿರ. ಒಂದು ದೊಡ್ಡ ಚಮಚ, ಅಂದರೆ 14 ಗ್ರಾಂ ಎಣ್ಣೆಯಲ್ಲಿ 126 ಕಿಲೊಕ್ಯಾಲೊರಿ. ಅರವತ್ತು ಕೆಜಿ ತೂಕದವರು ಅರ್ಧ ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಸುಮಾರು 105. ಅದರಲ್ಲಿ ಸುಮ್ಮನೆ ಕೂತಿದ್ದರೂ ಖರ್ಚಾಗುತ್ತಿದ್ದದ್ದು 30. ಪಲ್ಯಕ್ಕೆ, ಸಾರಿಗೆ, ದೋಸೆ ಕಾವಲಿಗೆ ಕೈಯಳತೆಯಲ್ಲಿ ಬೀಳುವ ಎಣ್ಣೆ ಕಣ್ಣಿಗೂ ಕಾಣುವುದಿಲ್ಲ, ಹೊಟ್ಟೆಯನ್ನೂ ತುಂಬಿಸುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಅಂದಾಜಿನಂತೆ ಕೂತು ಕೆಲಸ ಮಾಡುವ, 55 ಕೆಜಿ ತೂಕದ ಹೆಂಗಸಿಗೆ ದಿನಕ್ಕೆ ಬೇಕಾದದ್ದು 1660 ಕಿಲೊಕ್ಯಾಲೊರಿ. 65 ಕೆಜಿಯ ಗಂಡಸಿಗೆ 2110. ಅಂಥ ಹೆಂಗಸಿನ ಪಾಲಿಗೆ ಮೂರು ದೊಡ್ಡ ಚಮಚ ಎಣ್ಣೆ ಹೋದರೆ ದಿನದ ಶಕ್ತಿಯಲ್ಲಿ ಕಾಲು ಭಾಗಕ್ಕೆ ಸ್ವಲ್ಪವೇ ಕಡಿಮೆ.

ಹಾಗೆಂದು ಊಟವನ್ನೇ ಅರ್ಧಕ್ಕಿಳಿಸಬೇಡಿ. ಒಂದು ಕೆಜಿ ಮೈಕೊಬ್ಬಿಗೆ 7700 ಕಿಲೊಕ್ಯಾಲೊರಿ, ದಿನಕ್ಕೆ 500 ಕಡಿಮೆ ಮಾಡಿದರೆ ಹದಿನೈದು ದಿನಕ್ಕೆ ಒಂದು ಕೆಜಿ ಇಳಿಯುತ್ತದೆ ಎನ್ನುವ ಲೆಕ್ಕ ಕಾಗದದ ಮೇಲೆ ಸರಿ. ಆದರೆ ಉಣ್ಣುವುದು ಕಡಿಮೆಯಾದಂತೆ ದೇಹ ತನ್ನ ಖರ್ಚನ್ನೂ ತಗ್ಗಿಸುತ್ತದೆ. 1944–45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟರು. ಅವರ ತೂಕ ಕಾಲು ಭಾಗದಷ್ಟು ಇಳಿಯಿತು. ವಿಶ್ರಾಂತಿಯಲ್ಲಿರುವಾಗ ಮೈ ಖರ್ಚುಮಾಡುವ ಶಕ್ತಿ ಶೇ. 40ರಷ್ಟು ಕುಸಿಯಿತು. ಚಳಿ, ನಿಶ್ಶಕ್ತಿ, ಖಿನ್ನತೆ, ಹಗಲಿರುಳೂ ಅನ್ನದ್ದೇ ಧ್ಯಾನ. ಉಪವಾಸದಂಥ ಪಥ್ಯ ಹಿಡಿದವರು ಅರ್ಧದಲ್ಲೇ ಕೈಬಿಟ್ಟರೆ ಮನೆಯವರು ಅದನ್ನು ಮನೋಬಲದ ಕೊರತೆ ಎಂದು ಹಂಗಿಸುವುದು ಅನ್ಯಾಯ.

ಪಥ್ಯದ ಮೊದಲ ವಾರದಲ್ಲಿ ತಕ್ಕಡಿ ಒಂದೆರಡು ಕೆಜಿ ಇಳಿದರೂ ಹಿಗ್ಗಬೇಕಿಲ್ಲ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಕರಗುವಾಗ ಅದರ ಪ್ರತಿ ಗ್ರಾಮಿನೊಂದಿಗೆ ಸುಮಾರು ಮೂರು ಗ್ರಾಂ ನೀರೂ ಹೊರಹೋಗುತ್ತದೆ. ಒಂದು ಹಬ್ಬದೂಟದ ಮರುದಿನ ಅದೇ ನೀರು ಮರಳಿ ಬರುತ್ತದೆ. ಕೊಬ್ಬು ಇಳಿಯುತ್ತಿದೆಯೇ ಎಂದು ತಿಳಿಯಲು ಮೂರು ನಾಲ್ಕು ವಾರಗಳ ತೂಕವನ್ನು ಒಟ್ಟಿಗೆ ಇಟ್ಟು ನೋಡಬೇಕು.