ರೇಸ್ ಕಾರಿನ ರೂಲ್ ಬುಕ್ ಓದುವುದು ಹೇಗೆ: 20 ಮಿಲಿಮೀಟರ್ ತೂತಿನಿಂದ ಶುರು

ಈ ಟಿಪ್ಪಣಿ ದಾವಣಗೆರೆಯ ನಮ್ಮ ಮೆಕ್ಯಾನಿಕಲ್ ಗೆಳೆಯರಿಗೆ, ಅದರಲ್ಲೂ ಸ್ಟೂಡೆಂಟ್ ಫಾರ್ಮುಲಾ ಕಾರು (ಕಾಲೇಜು ತಂಡಗಳು ತಾವೇ ಕಟ್ಟಿ ಸ್ಪರ್ಧೆಗೆ ಇಳಿಸುವ ಪುಟ್ಟ ರೇಸ್ ಕಾರು) ಕಟ್ಟಬೇಕು ಅಂತ ಆಸೆ ಇಟ್ಟುಕೊಂಡ ಎರಡನೇ ವರ್ಷದವರಿಗೆ. ಹೊಸ ತಂಡ ಸೇರಿದಾಗ ಮೊದಲು ಬರುವುದು ಎಂಜಿನ್ ಮಾತು. 600 ಸಿಸಿ ಬೈಕ್ ಎಂಜಿನ್ ತರೋಣವಾ, ಕೆಟಿಎಂ 390 ಬೈಕಿನದು ಸಾಕಾ? ರೂಲ್ ಬುಕ್ ಎಲ್ಲರ ಫೋನಿನಲ್ಲೂ ಇರುತ್ತದೆ, ತೆರೆದವರು ಕಡಿಮೆ. ತೆರೆದವರೂ ಏನೇನು ಮಾಡಬಾರದು ಅಂತ ಪಟ್ಟಿ ಮಾಡಿ ಮುಚ್ಚಿಡುತ್ತಾರೆ.

ಅದನ್ನು ಓದುವ ಇನ್ನೊಂದು ಬಗೆ ಇದೆ. ರೂಲ್ ಬುಕ್‌ನಲ್ಲಿ ನೂರಾರು ಸಾಲು ಇದ್ದರೂ ಕಾರನ್ನು ನಿಜವಾಗಿ ಕಟ್ಟಿಹಾಕುವುದು ಒಂದೋ ಎರಡೋ ಸಾಲು. ಉಳಿದವು ಅಲ್ಲಿ ಸುಮ್ನೆ ಕೂತಿರುತ್ತವೆ. ಆ ಒಂದೆರಡು ಯಾವುವು ಅಂತ ಮೊದಲು ಹುಡುಕಬೇಕು. ಆಮೇಲೆ ಅವನ್ನು ಯಾವಾಗ, ಹೇಗೆ ಅಳೆಯುತ್ತಾರೆ ಅಂತ ಕೇಳಬೇಕು.

ತೂತಿನ ಲೆಕ್ಕ

ಎಫ್‌ಎಸ್‌ಎಇ, ಅಂದರೆ ಈ ವಿದ್ಯಾರ್ಥಿ ಸ್ಪರ್ಧೆಯ ನಿಯಮದ ಪ್ರಕಾರ ಎಂಜಿನ್ 710 ಸಿಸಿವರೆಗೆ ಇರಬಹುದು. ಆದರೆ ಪೆಟ್ರೋಲ್ ಕಾರಾದರೆ ಎಂಜಿನ್ನಿಗೆ ಹೋಗುವ ಗಾಳಿಯೆಲ್ಲ 20 ಮಿಮೀ ವ್ಯಾಸದ ಒಂದೇ ಒಂದು ದುಂಡು ತೂತಿನ ಮೂಲಕ ಹೋಗಬೇಕು. ಇದೇ ರೆಸ್ಟ್ರಿಕ್ಟರ್. ಟರ್ಬೊ (ಎಂಜಿನ್ನಿಗೆ ಗಾಳಿ ತುರುಕುವ ಸಾಧನ) ಇಲ್ಲದ ಕಾರಿನಲ್ಲಿ ಮೊದಲು ಥ್ರಾಟಲ್ (ಗಾಳಿ ಹೆಚ್ಚುಕಡಿಮೆ ಮಾಡುವ ಬಾಗಿಲು), ಆಮೇಲೆ ಈ ತೂತು, ಆಮೇಲೆ ಎಂಜಿನ್.

ಎಂಜಿನ್ ಜೋರಾಗಿ ಎಳೆದಷ್ಟೂ ತೂತಿನಲ್ಲಿ ಗಾಳಿಯ ವೇಗ ಏರುತ್ತದೆ. ಶಬ್ದದ ವೇಗ ಮುಟ್ಟಿದ ಮೇಲೆ ಏರುವುದಿಲ್ಲ. ಆಚೆ ಕಡೆ ಎಷ್ಟೇ ಎಳೆದರೂ ಒಂದು ಗ್ರಾಂ ಗಾಳಿಯೂ ಹೆಚ್ಚಿಗೆ ಬರುವುದಿಲ್ಲ. ಇದಕ್ಕೆ ಚೋಕ್ ಆಗುವುದು ಅನ್ನುತ್ತಾರೆ. ಥರ್ಮೊ ಪಾಠದಲ್ಲಿ ನಾಝಲ್ ಲೆಕ್ಕ ಮಾಡಿದ್ದೀರಲ್ವಾ, ಅದೇ ಸೂತ್ರ. ಸಮುದ್ರಮಟ್ಟದ ಒತ್ತಡ, 27 ಡಿಗ್ರಿ ಉಷ್ಣತೆ ಹಾಕಿದರೆ 20 ಮಿಮೀ ತೂತಿನಲ್ಲಿ ಹೆಚ್ಚೆಂದರೆ ಸೆಕೆಂಡಿಗೆ ಸುಮಾರು 74 ಗ್ರಾಂ ಗಾಳಿ ಹೋಗುತ್ತದೆ.

ಈಗ ಎಂಜಿನ್ ಕಡೆಯಿಂದ ನೋಡಿ. 600 ಸಿಸಿ ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ 600 ಸಿಸಿ ಗಾಳಿ ಎಳೆಯುತ್ತದೆ. ಸಿಲಿಂಡರ್ ಪೂರ್ತಿ ತುಂಬುತ್ತದೆ ಅಂದುಕೊಂಡರೆ ಸುಮಾರು 12,600 ಆರ್‌ಪಿಎಂಗೆ ಆ 74 ಗ್ರಾಂ ಮುಗಿಯಿತು. ಅಲ್ಲಿಂದ ಮುಂದೆ ಆರ್‌ಪಿಎಂ ಏರಿಸಿದರೆ ಸದ್ದು ಹೆಚ್ಚುತ್ತದೆ, ಪವರ್ ಹೆಚ್ಚುವುದಿಲ್ಲ. ಪವರ್ ಎಷ್ಟು? 14.7 ಗ್ರಾಂ ಗಾಳಿಗೆ 1 ಗ್ರಾಂ ಪೆಟ್ರೋಲ್ ಅಂದರೆ ಸೆಕೆಂಡಿಗೆ 5 ಗ್ರಾಂ ಪೆಟ್ರೋಲ್. ಗ್ರಾಮಿಗೆ ಸುಮಾರು 43 ಕಿಲೋಜೂಲ್ ಹಿಡಿದರೆ 215 ಕಿಲೋವ್ಯಾಟ್ ಶಾಖ. ಅದರಲ್ಲಿ 30 ಪರ್ಸೆಂಟ್ ಕೆಲಸಕ್ಕೆ ಬಂದರೆ 65 ಕಿಲೋವ್ಯಾಟ್, ಅಂದರೆ 85ರಿಂದ 90 ಎಚ್‌ಪಿ. ಅದೇ ಎಂಜಿನ್ ಬೈಕಿನಲ್ಲಿದ್ದಾಗ ನೂರು ದಾಟುತ್ತಿತ್ತು.

ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು 7 ಪರ್ಸೆಂಟ್ ಕಡಿಮೆ. ಹಾಗಾಗಿ ಅದೇ ತೂತಿನಲ್ಲಿ 74ರ ಬದಲು 69 ಗ್ರಾಂ ಹೋಗುತ್ತದೆ, ಪವರ್ ಕೂಡ ಅಷ್ಟೇ ಇಳಿಯುತ್ತದೆ. ಆದರೆ ಚೋಕ್ ಆಗುವ ಆರ್‌ಪಿಎಂ ಬದಲಾಗುವುದಿಲ್ಲ! ಗಾಳಿ ತೆಳುವಾದಷ್ಟೇ ಸಿಲಿಂಡರಿಗೆ ಬೇಕಾದ ತೂಕವೂ ಕಡಿಮೆಯಾಗುತ್ತದೆ. ವೈವಾದಲ್ಲಿ ಯಾರಾದರೂ ಕೇಳಿದರೆ ಇದನ್ನು ಧೈರ್ಯವಾಗಿ ಹೇಳಿ.

ಇದೇ ಲೆಕ್ಕವನ್ನು ಹಳೆಯ 390ರ 373 ಸಿಸಿಗೆ ಮಾಡಿ. ಚೋಕ್ ಆಗಲು 20,000 ದಾಟಬೇಕು. ಆ ಎಂಜಿನ್ ಅಷ್ಟು ತಿರುಗುವುದೇ ಇಲ್ಲ. ಅಂದರೆ ಸರಾಸರಿ ಲೆಕ್ಕದಲ್ಲಿ 600ರವರನ್ನು ತಡೆಯುವುದು ತೂತು, 390ರವರನ್ನು ತಡೆಯುವುದು ಅವರ ಎಂಜಿನ್ನೇ. ನಿಜದಲ್ಲಿ ಒಂದೇ ಸಿಲಿಂಡರ್ ಬಿಟ್ಟು ಬಿಟ್ಟು ಎಳೆಯುತ್ತದೆ. ಎಳೆದ ಕ್ಷಣದಲ್ಲಿ ತೂತು ಅಡ್ಡ ಬಂದೇ ಬರುತ್ತದೆ. ಅದಕ್ಕೇ ಸಿಂಗಲ್ ಸಿಲಿಂಡರ್ ತಂಡಗಳು ತೂತಿಗೂ ಎಂಜಿನ್ನಿಗೂ ನಡುವೆ ದೊಡ್ಡ ಗಾಳಿ ಡಬ್ಬಿ, ಅಂದರೆ ಪ್ಲೀನಮ್, ಇಡುತ್ತವೆ. ಇನ್ನು 710 ಸಿಸಿ ಅನ್ನುವ ಮಿತಿ? ಅದು ಕಾಗದದ ಮೇಲಿದೆ, ಅಷ್ಟೆ. ಎಂಜಿನ್ ದೊಡ್ಡದು ಮಾಡಿದರೆ ತೂಕ ಬರುತ್ತದೆ, ಗಾಳಿ ಬರುವುದಿಲ್ಲ.

ಇಷ್ಟು ಗೊತ್ತಾದ ಮೇಲೆ ಕೆಲಸ ಎಲ್ಲಿಗೆ ಹೋಗುತ್ತದೆ? ಮೊದಲು ರೆಸ್ಟ್ರಿಕ್ಟರ್ ಆದ ಮೇಲೆ ಬರುವ ಕೋನ್ ಆಕಾರದ ಪೈಪಿಗೆ. ತೂತಿನ ಆಚೆ ಪೈಪು ನಿಧಾನವಾಗಿ ಅಗಲವಾದರೆ ಗಾಳಿ ಕಳೆದುಕೊಂಡ ಒತ್ತಡವನ್ನು ಸ್ವಲ್ಪ ವಾಪಸ್ ಪಡೆಯುತ್ತದೆ. ಗಬಕ್ಕನೆ ಅಗಲವಾದರೆ ಗೋಡೆ ಬಿಟ್ಟು ಸುಳಿ ಕಟ್ಟುತ್ತದೆ. ಅಲ್ಯೂಮಿನಿಯಂ ರಾಡ್ ತೆಗೆದುಕೊಂಡು ಲೇತ್ ಅಂಗಡಿಗೆ ಹೋದಾಗ ಟರ್ನರ್ ಅಣ್ಣನಿಗೆ ಎರಡು ಮಾತು ಬಿಡಿಸಿ ಹೇಳಿ. ತೂತು 20ಕ್ಕಿಂತ ಕೂದಲೆಳೆಯಷ್ಟೂ ದೊಡ್ಡದಾಗಬಾರದು, ಒಳಗೆ ಟೂಲ್ ಗೆರೆ ಉಳಿಯಬಾರದು. "ಸ್ವಲ್ಪ ಲೂಸ್ ಕೊಡ್ಲಾ?" ಅಂತ ಅವರು ಅಭ್ಯಾಸಬಲದಿಂದ ಕೇಳುತ್ತಾರೆ, ಒಪ್ಪಬೇಡಿ. ಟೆಕ್ನಿಕಲ್ ತಪಾಸಣೆಯಲ್ಲಿ ಗೇಜ್ ಹಾಕಿಯೇ ನೋಡುತ್ತಾರೆ.

ಎಫ್1ರಲ್ಲಿ ಇದೇ ಕಥೆ, ಗಾಳಿಯ ಬದಲು ಪೆಟ್ರೋಲ್

2013ರವರೆಗೆ ಎಫ್1, ಅಂದರೆ ಫಾರ್ಮುಲಾ ಒನ್ ರೇಸಿನಲ್ಲಿ 2.4 ಲೀಟರ್ ವಿ8 (ಎಂಟು ಸಿಲಿಂಡರ್) ಎಂಜಿನ್. ಟರ್ಬೊ ಇಲ್ಲ. ಜಾಸ್ತಿ ಗಾಳಿ ಬೇಕೆಂದರೆ ಜಾಸ್ತಿ ತಿರುಗಬೇಕು. ಹಾಗಾಗಿ 18,000 ಆರ್‌ಪಿಎಂ ಮಿತಿಗೆ ಎಲ್ಲರೂ ಅಂಟಿಕೊಂಡಿದ್ದರು. ನೊಯ್ಡಾ ಬಳಿಯ ಬುದ್ಧ್ ಸರ್ಕ್ಯೂಟಿನಲ್ಲಿ 2011ರಿಂದ 2013ರವರೆಗೆ ಕೇಳಿದ್ದು ಆ ಕೂಗು.

2014ರಲ್ಲಿ 1.6 ಲೀಟರ್ ವಿ6 ಟರ್ಬೊ ಹೈಬ್ರಿಡ್ ಬಂತು. ಆರ್‌ಪಿಎಂ ಮಿತಿ 15,000 ಅಂತ ಬರೆದರು. ಅದೇ ಪುಸ್ತಕದಲ್ಲಿ ಇನ್ನೊಂದು ಸಾಲು: ಪೆಟ್ರೋಲ್ ಹರಿವು ಗಂಟೆಗೆ 100 ಕೆಜಿ ಮೀರಬಾರದು, 10,500 ಆರ್‌ಪಿಎಂ ಕೆಳಗೆ ಇನ್ನೂ ಕಡಿಮೆ. 10,500ಕ್ಕೆ ಪೂರ್ತಿ 100 ಕೆಜಿ ಸಿಕ್ಕಿಬಿಡುತ್ತದೆ. ಅದಕ್ಕಿಂತ ಮೇಲೆ ತಿರುಗಿದರೆ ಪೆಟ್ರೋಲ್ ಅಷ್ಟೇ, ಘರ್ಷಣೆ ಮಾತ್ರ ಹೆಚ್ಚು. ಹಾಗಾಗಿ 15,000ದ ಹತ್ತಿರ ಹೋಗುವ ಅಗತ್ಯ ಯಾರಿಗೂ ಬೀಳಲಿಲ್ಲ. ಕೂಗು ಇಳಿಯಿತು ಅಂತ ಅಭಿಮಾನಿಗಳು ಟರ್ಬೊವನ್ನು ಬೈದರು. ಅದರ ಪಾಲೂ ಇದೆ ನಿಜ, ಆದರೆ ನನ್ನ ಪ್ರಕಾರ ಅರ್ಧ ಬೈಗುಳ ಆ ಹರಿವಿನ ಸಾಲಿಗೆ ಸೇರಬೇಕಿತ್ತು.

ಲೆಕ್ಕ ಹಾಕಿ: ಗಂಟೆಗೆ 100 ಕೆಜಿ ಅಂದರೆ ಸೆಕೆಂಡಿಗೆ 27.8 ಗ್ರಾಂ, ಸುಮಾರು 1,200 ಕಿಲೋವ್ಯಾಟ್ ಶಾಖ. ಎಲ್ಲ ತಂಡಕ್ಕೂ ಇದೇ. ಇನ್ನು ಗೆಲ್ಲುವುದು ಈ ಶಾಖದಲ್ಲಿ ಹೆಚ್ಚು ಪಾಲನ್ನು ಚಕ್ರಕ್ಕೆ ಮುಟ್ಟಿಸುವವರು. ಪೈಪೋಟಿ ಗಾಳಿ ತುಂಬುವುದರಿಂದ ದಕ್ಷತೆಗೆ ಹೊರಳಿತು. ಮರ್ಸಿಡಿಸ್ ಟರ್ಬೊವನ್ನೇ ಸೀಳಿ ಬಿಸಿ ಹೊಗೆಯಿಂದ ತಿರುಗುವ ಟರ್ಬೈನನ್ನು ಎಂಜಿನ್ನಿನ ಒಂದು ತುದಿಗೆ, ಗಾಳಿ ಒತ್ತುವ ಕಂಪ್ರೆಸರನ್ನು ಇನ್ನೊಂದು ತುದಿಗೆ ಇಟ್ಟಿತು. ಬಿಸಿ ಒಂದು ಕಡೆ, ತಂಪು ಒಂದು ಕಡೆ. 2014ರ 19 ರೇಸಿನಲ್ಲಿ 16 ಅವರದೇ. ಟೆಸ್ಟ್ ಬೆಂಚಿನಲ್ಲಿ 50 ಪರ್ಸೆಂಟ್ ದಕ್ಷತೆ ದಾಟಿದೆವು ಅಂತ 2017ರಲ್ಲಿ ಹೇಳಿಕೊಂಡರು. ನಮ್ಮ ಮೇಲಿನ ಲೆಕ್ಕದ 30 ಪರ್ಸೆಂಟ್ ಪಕ್ಕ ಇಟ್ಟು ನೋಡಿ, ಎಷ್ಟು ದೂರ!

ಇನ್ನೊಂದು ಸಂಗತಿ. ಖರ್ಚು ಉಳಿಸಲು ಎಂಜಿನ್ ಬದಲಾವಣೆ ಇಷ್ಟೇ ಮಾಡಬಹುದು ಅಂತ ಟೋಕನ್ ಲೆಕ್ಕ ಇಟ್ಟಿದ್ದರು. ಹಿಂದೆ ಬಿದ್ದವರು ಬೇಗ ಎದ್ದು ಬರಲು ಅದೇ ಅಡ್ಡಿಯಾಯಿತು. 2017ಕ್ಕೆ ಟೋಕನ್ ತೆಗೆದರು. ಮುಂದಿದ್ದವರಿಗೆ ಅಷ್ಟರೊಳಗೆ ಮೂರು ಸೀಸನ್ ಸಿಕ್ಕಿತ್ತು.

ಅಳೆಯುವುದು ಯಾವಾಗ?

ನಮ್ಮ ಎಪಿಎಂಸಿ ವೇಬ್ರಿಡ್ಜ್ ನೆನಪು ಮಾಡಿಕೊಳ್ಳಿ. ಮೆಕ್ಕೆಜೋಳದ ಲಾರಿಯನ್ನು ಎರಡು ಸಲ ತೂಗುತ್ತಾರೆ, ತುಂಬಿದಾಗ ಒಮ್ಮೆ, ಖಾಲಿಯಾದಾಗ ಒಮ್ಮೆ. ಆ ಎರಡು ತೂಕದ ನಡುವೆ ಡ್ರೈವರ್ ಇಳಿದನಾ, ಕ್ಲೀನರ್ ಹತ್ತಿದನಾ, ಡೀಸೆಲ್ ಹಾಕಿಸಿದರಾ ಅಂತ ರೈತ ಕಣ್ಣಿಟ್ಟಿರುತ್ತಾನೆ. ಕಾಟಾ ಸರಿಯಾಗಿಯೇ ಇರುತ್ತದೆ, ಆಟ ನಡೆಯುವುದು ಅದರ ಮೇಲೆ ಹತ್ತುವ ಹೊತ್ತಿನಲ್ಲಿ.

1982ರ ಎಫ್1ರಲ್ಲಿ ನಡೆದದ್ದು ಹೆಚ್ಚುಕಡಿಮೆ ಇದೇ. ಕಾರಿನ ಕನಿಷ್ಠ ತೂಕ 580 ಕೆಜಿ. ರೇಸ್ ಮುಗಿದ ಮೇಲೆ ತೂಗುವ ಮೊದಲು ಖಾಲಿಯಾದ ಎಣ್ಣೆ, ನೀರು ತುಂಬಿಸಬಹುದಿತ್ತು. ಬ್ರಾಬಮ್ ಮತ್ತು ವಿಲಿಯಮ್ಸ್ ತಂಡಗಳು ಬ್ರೇಕ್ ತಂಪು ಮಾಡಲು ಅಂತ ದೊಡ್ಡ ನೀರಿನ ಟ್ಯಾಂಕ್ ಇಟ್ಟವು. ರೇಸ್ ಶುರುವಾದ ಕೂಡಲೇ ನೀರು ಚೆಲ್ಲಿಹೋಗುತ್ತಿತ್ತು, ಕಾರು ಹಗುರ. ಮುಗಿದ ಮೇಲೆ ಮತ್ತೆ ನೀರು, ತೂಕ ಸರಿ! ಬ್ರೆಜಿಲ್ ರೇಸಿನಲ್ಲಿ ಮೊದಲೆರಡು ಸ್ಥಾನ ಪಡೆದ ಬ್ರಾಬಮ್‌ನ ಪಿಕೆ, ವಿಲಿಯಮ್ಸ್‌ನ ರೋಸ್‌ಬರ್ಗ್ ಇಬ್ಬರನ್ನೂ ಅನರ್ಹಗೊಳಿಸಿ ಪ್ರೋಸ್ಟ್‌ಗೆ ಗೆಲುವು ಕೊಟ್ಟರು. ಸಿಟ್ಟಾದ ತಂಡಗಳು ಇಮೋಲಾ ರೇಸನ್ನೇ ಬಿಟ್ಟವು, ಅಲ್ಲಿ ಹೊರಟದ್ದು 14 ಕಾರು ಮಾತ್ರ. ನೀರಿನ ಟ್ಯಾಂಕಿನ ಹಿಂದೆ ಇದ್ದದ್ದು ಬೇರೆ ಜಗಳ: ಟರ್ಬೊ ಇದ್ದವರಿಗೆ ಪವರ್ ಇತ್ತು, ಕಾಸ್ವರ್ತ್ ವಿ8 ಇದ್ದವರಿಗೆ ಹಗುರವಾಗುವುದು ಬಿಟ್ಟು ದಾರಿ ಇರಲಿಲ್ಲ.

ಹಿಂದಿನ ವರ್ಷದ ಆಟ ಇನ್ನೂ ಚೆನ್ನಾಗಿತ್ತು. ಕಾರಿನ ಕೆಳಗಿನ ಗಾಳಿಯಿಂದ ಸಿಗುವ ಡೌನ್‌ಫೋರ್ಸ್ (ಕಾರನ್ನು ನೆಲಕ್ಕೆ ಒತ್ತುವ ಬಲ) ಕಡಿಮೆ ಮಾಡಲು 1981ರಲ್ಲಿ ಜಾರುವ ಸ್ಕರ್ಟ್ (ಕಾರಿನ ಬದಿಯಿಂದ ನೆಲಕ್ಕೆ ಇಳಿಯುವ ಪಟ್ಟಿ) ನಿಷೇಧಿಸಿ, ನೆಲಕ್ಕೂ ಕಾರಿಗೂ 6 ಸೆಂಮೀ ಅಂತರ ಇರಬೇಕು ಅಂದರು. ಅಳೆಯುತ್ತಿದ್ದುದು ನಿಂತ ಕಾರನ್ನು. ಬ್ರಾಬಮ್‌ನ ಗಾರ್ಡನ್ ಮರೆ ಗಾಳಿ-ಎಣ್ಣೆ ಸಸ್ಪೆನ್ಷನ್ ಮಾಡಿದರು. ಓಡುವಾಗ ಗಾಳಿಯ ಒತ್ತಡಕ್ಕೆ ಕಾರು ತಾನೇ ಕೆಳಗೆ ಕೂರುತ್ತಿತ್ತು, ಪಿಟ್‌ಗೆ ಬರುವಾಗ ಮೆಲ್ಲಗೆ ಎದ್ದು 6 ಸೆಂಮೀ ತೋರಿಸುತ್ತಿತ್ತು. ಆ ವರ್ಷ ಪಿಕೆ ಚಾಂಪಿಯನ್. 1983ಕ್ಕೆ ಕಾರಿನ ತಳ ಚಪ್ಪಟೆ ಇರಬೇಕು ಅಂತ ಹೊಸ ನಿಯಮ ಬಂತು.

ಮುಂದೆ ಅಳೆಯುವವರೂ ಜಾಣರಾದರು. 1994ರಲ್ಲಿ ಸೆನ್ನಾ ತೀರಿಕೊಂಡ ಇಮೋಲಾ ದುರಂತದ ನಂತರ ಕಾರಿನ ತಳಕ್ಕೆ 10 ಮಿಮೀ ಹಲಗೆ ಹಾಕಿಸಿದರು. ರೇಸಿನ ಕೊನೆಗೆ 1 ಮಿಮೀಗಿಂತ ಹೆಚ್ಚು ಸವೆದಿದ್ದರೆ ಔಟ್. ಇದು ನನಗೆ ತುಂಬಾ ಇಷ್ಟವಾದ ನಿಯಮ. ನಿಂತಾಗ ಏನು ತೋರಿಸಿದರೂ ಆಗದು, ಓಡಿದಾಗ ಎಷ್ಟು ಕೆಳಗಿದ್ದೆ ಅಂತ ಹಲಗೆಯೇ ಹೇಳುತ್ತದೆ. 2023ರ ಅಮೆರಿಕ ರೇಸಿನಲ್ಲಿ ಹ್ಯಾಮಿಲ್ಟನ್, ಲೆಕ್ಲರ್ಕ್ ಇಬ್ಬರೂ ಹೊರಬಿದ್ದದ್ದು ಈ ಸವೆತಕ್ಕೇ.

ಆಟ ಎಲ್ಲಿ ಮೋಸ ಆಗುತ್ತದೆ

ಮತ್ತೆ ನಮ್ಮ ತೂತಿಗೆ ಬರೋಣ. ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್‌ನಲ್ಲಿ 1995ಕ್ಕೆ ಟರ್ಬೊ ಮುಂದಿನ ರೆಸ್ಟ್ರಿಕ್ಟರ್ 34 ಮಿಮೀ. ಕೆಟಲೋನಿಯಾ ರ‍್ಯಾಲಿಯಲ್ಲಿ ಟೊಯೊಟಾ ಸೆಲಿಕಾದ ಟರ್ಬೊ ಬಿಚ್ಚಿದಾಗ ಒಂದು ಯಂತ್ರ ಸಿಕ್ಕಿತು. ಪೈಪಿನ ಕ್ಲಾಂಪ್ ಬಿಗಿದಾಗ ರೆಸ್ಟ್ರಿಕ್ಟರ್ ಸ್ವಲ್ಪ ಸರಿದು ಪಕ್ಕದಲ್ಲಿ ಸಂದು ಬಿಡುತ್ತದೆ, ಗಾಳಿ ಅಲ್ಲಿಂದಲೂ ನುಗ್ಗುತ್ತದೆ. ತಪಾಸಣೆಗೆ ಪೈಪ್ ಬಿಚ್ಚಿದರೆ ಒಳಗಿನ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಳ್ಳಿ ಸಂದು ಮುಚ್ಚಿಬಿಡುತ್ತದೆ. ಹೊರಗಿಂದ ನೋಡಿದರೆ ಎಲ್ಲ ಸರಿ. ಮೋಟರ್ ರೇಸಿನ ಜಾಗತಿಕ ಆಡಳಿತ ಸಂಸ್ಥೆ ಎಫ್‌ಐಎಯ ಆಗಿನ ಅಧ್ಯಕ್ಷ ಮ್ಯಾಕ್ಸ್ ಮೋಸ್ಲಿ ಕೂಡ ಅದರ ಕೈಚಳಕವನ್ನು ಒಪ್ಪಿಕೊಂಡರು. ಒಪ್ಪಿಕೊಂಡೇ ಟೊಯೊಟಾ ತಂಡದ ಆ ವರ್ಷದ ಅಂಕವೆಲ್ಲ ಕಿತ್ತು, 12 ತಿಂಗಳು ಹೊರಗಿಟ್ಟರು.

ಗಾರ್ಡನ್ ಮರೆ ಅವರ ಸಸ್ಪೆನ್ಷನ್‌ಗೂ ಇದಕ್ಕೂ ಏನು ವ್ಯತ್ಯಾಸ? ಸಸ್ಪೆನ್ಷನ್ ಎಲ್ಲರ ಕಣ್ಣೆದುರಿಗೇ ಇತ್ತು, ಬೇರೆಯವರೂ ನೋಡಿ ನಕಲು ಮಾಡಿದರು. ಇದು ಬಚ್ಚಿಡಲೆಂದೇ ಮಾಡಿದ್ದು. ಗೆರೆ ಯಾವಾಗಲೂ ಇಷ್ಟು ಸ್ಪಷ್ಟವಾಗಿ ಇರುವುದಿಲ್ಲ ಅನ್ನುವುದೂ ನಿಜ. 1978ರಲ್ಲಿ ಇದೇ ಗಾರ್ಡನ್ ಮರೆ ಕಾರಿನ ಹಿಂದೆ ದೊಡ್ಡ ಫ್ಯಾನ್ ಇಟ್ಟು, ಇದು ರೇಡಿಯೇಟರ್ ತಂಪು ಮಾಡಲು ಅಂದರು. ಕಾರನ್ನು ನೆಲಕ್ಕೆ ಹೀರುತ್ತಿದ್ದುದೂ ಅದೇ ಫ್ಯಾನ್. ಸ್ವೀಡನ್‌ನಲ್ಲಿ ಲೌಡಾ ಅದರಲ್ಲಿ ಗೆದ್ದರು, ಆಮೇಲೆ ಆ ಕಾರು ರೇಸಿಗೆ ಬರಲೇ ಇಲ್ಲ.

ದುಡ್ಡು, ಮತ್ತು 2026

2021ರಿಂದ ಎಫ್1ರಲ್ಲಿ ಖರ್ಚಿಗೂ ಮಿತಿ ಇದೆ. ಮೊದಲ ವರ್ಷ 14.5 ಕೋಟಿ ಡಾಲರ್. ಅದರ ಜೊತೆ ವಿಂಡ್ ಟನಲ್ (ಗಾಳಿ ಬೀಸಿ ಕಾರಿನ ಆಕಾರ ಪರೀಕ್ಷಿಸುವ ಸುರಂಗ) ಸಮಯವನ್ನೂ ಸ್ಥಾನ ನೋಡಿ ಹಂಚುತ್ತಾರೆ: 2022ರಿಂದ ಮೊದಲ ಸ್ಥಾನದವರಿಗೆ ನಿಗದಿತ ಸಮಯದ 70 ಪರ್ಸೆಂಟ್, ಹತ್ತನೆಯವರಿಗೆ 115. 2021ರಲ್ಲಿ ಮಿತಿ ಮೀರಿದ ರೆಡ್ ಬುಲ್‌ಗೆ 70 ಲಕ್ಷ ಡಾಲರ್ ದಂಡದ ಜೊತೆ ಟನಲ್ ಸಮಯವನ್ನೂ 10 ಪರ್ಸೆಂಟ್ ಕಡಿತ ಮಾಡಿದರು. ಅಂಥ ತಂಡಕ್ಕೆ ದಂಡಕ್ಕಿಂತ ಟನಲ್ ಸಮಯವೇ ನೋವು ಅನಿಸುತ್ತದೆ.

2026ರ ಎಂಜಿನ್ ನಿಯಮದಲ್ಲಿ ನಮಗೆ ಮುಖ್ಯವಾದದ್ದು ಒಂದೇ ಮಾತು. ಹರಿವನ್ನು ಕೆಜಿಯಲ್ಲಿ ಅಳೆಯುವುದು ಬಿಟ್ಟು ಶಕ್ತಿಯಲ್ಲಿ ಅಳೆಯುತ್ತಾರೆ: ಗಂಟೆಗೆ 3,000 ಮೆಗಾಜೂಲ್. ಹೊಸ ಇಂಧನಗಳಲ್ಲಿ ಕೆಜಿಗೆ ಸಿಗುವ ಶಾಖ ಒಂದೇ ಥರ ಇರುವುದಿಲ್ಲ, ಅದಕ್ಕೆ. ಸೆಕೆಂಡಿಗೆ ಇಳಿಸಿದರೆ ಸುಮಾರು 833 ಕಿಲೋವ್ಯಾಟ್. ಎಂಜಿನ್ನಿಂದ 400ರ ಆಸುಪಾಸು, ಮೋಟರ್‌ನಿಂದ 350. ಹಾಗಾದರೆ ಮುಂದೆ ಕಾರನ್ನು ಕಟ್ಟಿಹಾಕುವುದು ಬ್ಯಾಟರಿಯನ್ನು ಒಂದು ಸುತ್ತಿನಲ್ಲಿ ಎಷ್ಟು ತುಂಬಿಸಬಹುದು ಅನ್ನುವ ಸಾಲು ಅಂತ ನನ್ನ ಅಂದಾಜು.

ಮನೆಲೆಕ್ಕ

ಎಫ್‌ಎಸ್‌ಎಇಯಲ್ಲಿ ಪೆಟ್ರೋಲ್ ಬಿಟ್ಟು ಇ85 (ಹೆಚ್ಚು ಪಾಲು ಎಥೆನಾಲ್ ಇರುವ ಇಂಧನ) ಹಾಕಿದರೆ ತೂತು 19 ಮಿಮೀಗೆ ಇಳಿಯುತ್ತದೆ. ಗಾಳಿ ಎಷ್ಟು ಪರ್ಸೆಂಟ್ ಕಡಿಮೆಯಾಯಿತು? 600 ಸಿಸಿಯ ಚೋಕ್ ಆರ್‌ಪಿಎಂ ಎಲ್ಲಿಗೆ ಬಂತು? ಎಥೆನಾಲ್‌ನ ಆಕ್ಟೇನ್ ಹೆಚ್ಚು, ಆವಿಯಾಗುವಾಗ ಗಾಳಿಯನ್ನೂ ತಂಪು ಮಾಡುತ್ತದೆ. ಹಾಗಿದ್ದರೆ ನಿಯಮ ಬರೆದವರು ಆ 1 ಮಿಮೀ ಕಿತ್ತುಕೊಂಡದ್ದು ಏಕೆ, ಕಂಪ್ರೆಷನ್ ಏರಿಸಿ ಅದರಲ್ಲಿ ಎಷ್ಟನ್ನು ವಾಪಸ್ ಪಡೆಯಬಹುದು? ಗ್ರಾಂನಲ್ಲೇ ಬರೆದು ತನ್ನಿ, ದಾವಣಗೆರೆಯ ಒತ್ತಡ ಹಾಕಿ.