ಟೀಟೀ ಮರಿ ಹಿಡಿಯಬಹುದು, ದೊಡ್ಡ ಹಕ್ಕಿ ಯಾಕೆ ಹಿಡಿಯಬಾರದು?

ಪರೀಕ್ಷೆಯಲ್ಲಿ ಕಡಲಹಕ್ಕಿ ಬೇಟೆ ಬಗ್ಗೆ ಪ್ರಶ್ನೆ ಬಂದ ಕೂಡಲೇ "ಬೇಟೆ ನಿಲ್ಲಿಸಬೇಕು" ಅಂತ ಬರೆದು ಮುಗಿಸಬೇಡಿ. ನ್ಯೂಜಿಲೆಂಡಿನ ದಕ್ಷಿಣ ತುದಿಯಲ್ಲಿ ರಕಿಯುರಾ ಅನ್ನೋ ದ್ವೀಪವಿದೆ. ಅದರ ಸುತ್ತಲಿನ ಸಣ್ಣ ದ್ವೀಪಗಳಲ್ಲಿ ಅಲ್ಲಿನ ಮೂಲನಿವಾಸಿಗಳಾದ ರಕಿಯುರಾ ಮಾವೋರಿ ಜನ ತಲೆತಲಾಂತರದಿಂದ ಟೀಟೀ ಅನ್ನೋ ಕಡಲಹಕ್ಕಿಯ ಮರಿ ಹಿಡಿಯುತ್ತಾ ಬಂದಿದ್ದಾರೆ. 1864ರಲ್ಲಿ ರಕಿಯುರಾವನ್ನು ಬ್ರಿಟಿಷ್ ಆಡಳಿತಕ್ಕೆ ಬರೆದುಕೊಟ್ಟಾಗಲೂ ಕೆಲವು ಟೀಟೀ ದ್ವೀಪಗಳನ್ನು ತಮಗೇ ಉಳಿಸಿಕೊಂಡರು.

ಬೇಟೆಯ ಕಾಲ ಏಪ್ರಿಲ್ 1ರಿಂದ ಮೇ 31. ಮೊದಮೊದಲು ಹಗಲಲ್ಲಿ ನೆಲಕ್ಕೆ ಮಲಗಿ, ಹಕ್ಕಿ ಗೂಡು ಮಾಡೋ ಬಿಲದೊಳಗೆ ಭುಜದವರೆಗೂ ಕೈ ಹಾಕಿ, ತಡಕಾಡಿ ಮರಿಯನ್ನು ಎಳೆಯುತ್ತಾರೆ. ಇದು ನನಾವೊ. ಆಮೇಲೆ ಮರಿಗಳು ರಾತ್ರಿ ಹೊರಬಂದು ರೆಕ್ಕೆ ಬಡಿಯೋಕೆ ಶುರು ಮಾಡಿದಾಗ ಟಾರ್ಚ್ ಹಿಡಿದು ಹೋಗುತ್ತಾರೆ, ಅದು ರಮಾ. ಪುಕ್ಕ ಕಿತ್ತು, ಉಪ್ಪು ಹಾಕಿ ಇಡುತ್ತಾರೆ. ಹಿಂದೆಲ್ಲಾ ದಪ್ಪ ಕಡಲಪಾಚಿಯ ಚೀಲದಲ್ಲಿ ತುಂಬುತ್ತಿದ್ದರು, ಈಗಲೂ ಕೆಲವರು ಹಾಗೇ ಮಾಡುತ್ತಾರೆ.

ದೊಡ್ಡ ಹಕ್ಕಿಯನ್ನು ಮಾತ್ರ ಮುಟ್ಟುವ ಹಾಗಿಲ್ಲ. ಪರೀಕ್ಷೆಗೆ ಮುಖ್ಯವಾಗಿ ಬೇಕಾದ್ದು ಇದರ ಕಾರಣ. ಟೀಟೀ ವರ್ಷಕ್ಕೆ ಇಡೋದು ಒಂದೇ ಮೊಟ್ಟೆ, ಅದು ಹಾಳಾದರೆ ಆ ವರ್ಷ ಇನ್ನೊಂದಿಲ್ಲ. ಮೊದಲ ಮೊಟ್ಟೆ ಇಡೋಕೆ ಹಕ್ಕಿಗೆ ಹಲವು ವರ್ಷ ಬೇಕು, ಇಡೋಕೆ ಶುರು ಮಾಡಿದರೆ ಮಾತ್ರ ದಶಕಗಳ ಕಾಲ ಇಡುತ್ತದೆ. ಯಾರೂ ಹಿಡಿಯದಿದ್ದರೂ ಎಷ್ಟೋ ಮರಿಗಳು ದೊಡ್ಡವಾಗುವ ಮುಂಚೆಯೇ ಸಾಯುತ್ತವೆ. ಹಾಗಾಗಿ ಮರಿ ಬಡ್ಡಿ ಇದ್ದಂತೆ, ದೊಡ್ಡ ಹಕ್ಕಿ ಅಸಲು. ಬಡ್ಡಿಯನ್ನೂ ಮಿತಿ ಮೀರಿ ತಿಂದರೆ ಕಷ್ಟವೇ, ಅದನ್ನು ಮರೆಯದೆ ಬರೆಯಿರಿ.

ಇಷ್ಟು ಜಾಗ್ರತೆ ಇದ್ದರೂ ಟೀಟೀ ಸಂಖ್ಯೆ ಇಳಿದಿದೆ, ಅದಕ್ಕೆ ಕಾರಣ ಒಂದೆರಡಲ್ಲ. ಈ ಹಕ್ಕಿ ಪ್ರತಿ ವರ್ಷ ಉತ್ತರ ಪೆಸಿಫಿಕ್‌ವರೆಗೂ ಹಾರುತ್ತದೆ, ಅಲ್ಲಿ ಮೀನಿಗೆ ಬಿಟ್ಟ ಉದ್ದುದ್ದ ಬಲೆಗಳಲ್ಲಿ ಬೆಳೆದ ಹಕ್ಕಿಗಳೂ ಸಿಕ್ಕಿ ಸಾಯುತ್ತಿದ್ದವು. ಇತ್ತ ಗೂಡಿನ ದ್ವೀಪದಲ್ಲಿ ಇಲಿ ಕಾಟ. 1960ರ ದಶಕದಲ್ಲಿ ಟೌಕಿಹೆಪ ಅನ್ನೋ ಟೀಟೀ ದ್ವೀಪಕ್ಕೆ ಹಡಗಿನ ಇಲಿಗಳು ನುಗ್ಗಿ ಅಲ್ಲಿನ ಹಕ್ಕಿಗಳನ್ನು ತಿನ್ನತೊಡಗಿದವು, ಬಹುಶಃ ಬೇಟೆಗಾರರ ದೋಣಿಗಳಲ್ಲೇ ಬಂದಿರಬೇಕು. ಬೇರೆಲ್ಲೂ ಉಳಿದಿರದ ಸೌತ್ ಐಲೆಂಡ್ ಸ್ಯಾಡಲ್‌ಬ್ಯಾಕ್ ಎಂಬ ಹಕ್ಕಿಗಳಲ್ಲಿ 36 ಅನ್ನು 1964ರಲ್ಲಿ ಹಿಡಿದು ಬೇರೆ ದ್ವೀಪಗಳಿಗೆ ಸಾಗಿಸಿದ್ದರಿಂದ ಆ ಜಾತಿ ಬದುಕಿತು. ಅದೇ ದ್ವೀಪದ ಒಂದು ಜಾತಿಯ ಬಾವಲಿಯೂ ಇನ್ನೆರಡು ಜಾತಿಯ ಪುಟ್ಟ ಹಕ್ಕಿಗಳೂ ಪೂರ್ತಿ ಅಳಿದುಹೋದವು. ನನಗೆ ಇದು ಬೇಟೆಗಿಂತ ದೊಡ್ಡ ನಷ್ಟ ಅನಿಸುತ್ತದೆ.

1998ರಲ್ಲಿ ಕ್ಯಾಲಿಫೋರ್ನಿಯಾ ಕಡಲಲ್ಲಿ ಕಮಾಂಡ್ ಎಂಬ ಹಡಗಿನಿಂದ ಎಣ್ಣೆ ಸೋರಿ, ಅಲ್ಲಿದ್ದ ಟೀಟೀಗಳೂ ಸತ್ತವು. ಅದರ ಪರಿಹಾರದ ಹಣದಲ್ಲಿ ಒಂದು ಪಾಲು ಇಷ್ಟು ದೂರದ ರಕಿಯುರಾಕ್ಕೆ ಬಂತು, ಯಾಕಂದರೆ ಆ ಹಕ್ಕಿ ಗೂಡು ಕಟ್ಟೋದು ಇಲ್ಲೇ ಅಲ್ವಾ. 2006ರಲ್ಲಿ ಟೌಕಿಹೆಪ ಸೇರಿ ನಾಲ್ಕು ದ್ವೀಪಗಳಿಂದ ಇಲಿಗಳನ್ನು ಪೂರ್ತಿ ತೆಗೆದರು. ಆ ಕೆಲಸಕ್ಕೆ ಮುಂದೆ ನಿಂತವರಲ್ಲಿ ಮರಿ ಹಿಡಿಯುವ ಮನೆತನದವರೇ ಇದ್ದರು.