ಪದ ಪರಿಚಯ: ಎಂಡಿಎಂ ಪ್ರೊಫೈಲ್

ಶಾಲೆಯವರು ಮಕ್ಕಳ ಕೈಗೆ ಐಪ್ಯಾಡ್ ಕೊಡುವಾಗ ಅದರಲ್ಲಿ ಒಂದು ಸಣ್ಣ ಫೈಲನ್ನೂ ಹಾಕಿರುತ್ತಾರೆ. ಅದೇ ಪ್ರೊಫೈಲ್. ಯಾವ ಆ್ಯಪ್ ಹಾಕಿಕೊಳ್ಳಬಹುದು, ಯಾವ ಸೈಟ್ ತೆರೆಯಬಾರದು, ಯಾವ ವೈಫೈ ಬಳಸಬೇಕು, ಎಲ್ಲ ನಿಯಮವೂ ಅದರಲ್ಲಿರುತ್ತದೆ. ಸಾವಿರಾರು ಯಂತ್ರಗಳಿಗೆ ಇಂಥ ನಿಯಮಗಳನ್ನು ಒಂದೇ ಕಡೆ ಕೂತು ಕಳಿಸುವ ವ್ಯವಸ್ಥೆಯೇ ಮೊಬೈಲ್ ಡಿವೈಸ್ ಮ್ಯಾನೇಜ್‌ಮೆಂಟ್, ಅಂದರೆ ಎಂಡಿಎಂ.

ಅಮೆರಿಕದಲ್ಲಿ ಇದರ ಹಿಂದೆ ಒಂದು ಕಾನೂನಿದೆ. ಇಂಟರ್ನೆಟ್ ಖರ್ಚಿಗೆ ಇ-ರೇಟ್ ಎಂಬ ಸರ್ಕಾರಿ ರಿಯಾಯಿತಿ ಪಡೆಯುವ ಶಾಲೆಗಳು ಅಶ್ಲೀಲ ಚಿತ್ರಗಳನ್ನು ತಡೆಯಲೇಬೇಕು ಎಂದು 2000ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿತು. ಫೇಸ್‌ಬುಕ್, ಯೂಟ್ಯೂಬ್ ಮುಚ್ಚಿ ಅಂತ ಅದರಲ್ಲಿ ಎಲ್ಲೂ ಹೇಳಿಲ್ಲ. ಅದು ಶಾಲೆಗಳು ತಾವೇ ಸೇರಿಸಿಕೊಂಡದ್ದು.

ಈ ಪದ ಸುದ್ದಿಗೆ ಬಂದದ್ದು 2013ರಲ್ಲಿ. ಲಾಸ್ ಏಂಜಲೀಸ್‌ನ ಶಾಲಾ ಆಡಳಿತ ಎಲ್ಲ ಮಕ್ಕಳಿಗೂ ಐಪ್ಯಾಡ್ ಕೊಡುವ ದೊಡ್ಡ ಯೋಜನೆ ಶುರು ಮಾಡಿತ್ತು. ಹಂಚಿ ಸ್ವಲ್ಪ ದಿನಕ್ಕೇ ರೂಸ್‌ವೆಲ್ಟ್ ಹೈಸ್ಕೂಲಿನ ಸುಮಾರು 300 ಮಕ್ಕಳು ಬೀಗ ತೆಗೆದಿದ್ದರು. ಯಾವ ಕೋಡ್ ಕೂಡ ಬೇಕಾಗಿರಲಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಪ್ರೊಫೈಲ್ ಡಿಲೀಟ್ ಮಾಡಿದರು, ಅಷ್ಟೇ. ನಿಯಮದ ಫೈಲ್ ಹೋದ ಮೇಲೆ ಮನೆಯ ವೈಫೈನಲ್ಲಿ ತಡೆಯುವವರು ಯಾರೂ ಇಲ್ಲ ಅಲ್ವಾ? ಆಡಳಿತ ಗಾಬರಿಯಾಗಿ ಐಪ್ಯಾಡ್ ಮನೆಗೆ ಒಯ್ಯುವುದನ್ನೇ ನಿಲ್ಲಿಸಿತು.

ಆ ಮಕ್ಕಳನ್ನು 'ಹ್ಯಾಕರ್‌ಗಳು' ಅಂದದ್ದು ಅನ್ಯಾಯ ಎಂದೇ ನನ್ನ ಅನಿಸಿಕೆ. ಅವರಿಗೆ ಬೇಕಾಗಿದ್ದದ್ದು ಹಾಡು, ವಿಡಿಯೊ, ಗೆಳೆಯರ ಜತೆ ಮಾತು. ಅಳಿಸಬಲ್ಲ ಬೀಗ ಹಾಕಿದ್ದು ದೊಡ್ಡವರ ತಪ್ಪು.

ಈಗ ಪರಿಸ್ಥಿತಿ ಬೇರೆ. ಆಪಲ್‌ನ ಯಂತ್ರಗಳನ್ನು ಶಾಲೆಯ ಹೆಸರಿನಲ್ಲಿ ನೋಂದಾಯಿಸಿದರೆ ಪ್ರೊಫೈಲ್ ತೆಗೆಯಲಾಗದ ಹಾಗೆ ಮಾಡಬಹುದು. ಶಾಲೆಯ ಕ್ರೋಮ್‌ಬುಕ್, ಅಂದರೆ ಗೂಗಲ್ ವ್ಯವಸ್ಥೆಯ ಲ್ಯಾಪ್‌ಟಾಪ್, ಅದರಲ್ಲಿರುವುದನ್ನು ಪೂರ್ತಿ ಅಳಿಸಿದರೂ ಮತ್ತೆ ಆನ್ ಮಾಡಿದಾಗ ತಾನೇ ಶಾಲೆಯ ಖಾತೆಗೆ ಸೇರಿಕೊಳ್ಳುತ್ತದೆ. ಹಾಗಾಗಿ ಮಕ್ಕಳು ಪ್ರಾಕ್ಸಿ ಸೈಟ್‌ಗಳನ್ನು ಹುಡುಕುತ್ತಾರೆ. ತಡೆದ ಪುಟವನ್ನು ಆ ಸೈಟ್ ತಾನು ತೆರೆದು ಮಕ್ಕಳಿಗೆ ತೋರಿಸುತ್ತದೆ. ಸೈಟ್‌ಗಳನ್ನು ತಡೆಯುವ ಶಾಲೆಯ ಫಿಲ್ಟರ್‌ಗೆ ಕಾಣುವುದು ಪ್ರಾಕ್ಸಿಯ ವಿಳಾಸ ಮಾತ್ರ. ಆದರೆ ಮಗು ಅಲ್ಲಿ ಹಾಕುವ ಪಾಸ್‌ವರ್ಡ್ ಆ ಸೈಟ್ ನಡೆಸುವವರಿಗೂ ಸಿಗಬಹುದು. ನಿಜವಾದ ಅಪಾಯ ಇರುವುದು ಇಲ್ಲೇ, ಯೂಟ್ಯೂಬ್ ನೋಡುವುದರಲ್ಲಲ್ಲ.

ನಿಮ್ಮ ಮಗುವಿನ ಶಾಲಾ ಐಪ್ಯಾಡ್‌ನಲ್ಲಿ ಸೆಟ್ಟಿಂಗ್ಸ್, ಜನರಲ್, ಆಮೇಲೆ ವಿಪಿಎನ್ ಮತ್ತು ಡಿವೈಸ್ ಮ್ಯಾನೇಜ್‌ಮೆಂಟ್ ಒತ್ತಿ. ಪ್ರೊಫೈಲ್ ಅಲ್ಲೇ ಇರುತ್ತದೆ. ಯಾವ ನಿಯಮ ಹಾಕಿದ್ದಾರೆ ಅಂತ ಮಗುವಿನ ಜತೆ ಕೂತು ಓದಿ. ಪಾಠಕ್ಕೆ ಬೇಕಾದ ಸೈಟ್ ಮುಚ್ಚಿದ್ದರೆ ಟೀಚರ್‌ಗೆ ಹೇಳಿ, ಶಾಲೆಯವರು ಅದನ್ನು ತೆರೆಸಬಹುದು.